ಸುಳ್ಳು ಕುಸ್ತಿಯ ನಿಜವಾದ ಪೈಲ್ವಾನ್

ಹೈಸ್ಕೂಲಿನಲ್ಲಿ ಟ್ರಂಪ್ ಕಾರ್ಡ್ ಆಡಿದವರಿಗೆಲ್ಲ ಈ ಜಗಳ ಗೊತ್ತಿರುತ್ತದೆ. ಒಬ್ಬ ಅಂಡರ್‌ಟೇಕರ್ ಕಾರ್ಡ್ ಹಿಡಿದು ಎತ್ತರ ಎಷ್ಟು ಅಂತ ಕೇಳುತ್ತಾನೆ. ಇನ್ನೊಬ್ಬ ಗ್ರೇಟ್ ಖಲಿಯನ್ನು ಇಳಿಸಿ ಬೀಗುತ್ತಾನೆ. ಅಷ್ಟರಲ್ಲಿ ಮೂರನೆಯವನೊಬ್ಬ ಬಂದು, 'ಲೇ, ಅದೆಲ್ಲ ಸುಳ್ಳು ಕಣ್ರೋ, ಯಾರು ಗೆಲ್ಲಬೇಕು ಅಂತ ಮೊದಲೇ ಫಿಕ್ಸ್ ಆಗಿರುತ್ತೆ' ಅಂದುಬಿಡುತ್ತಾನೆ. ಅಲ್ಲಿಗೆ ಆಟದ ಮಜಾ ಖತಂ.

ಮೂರನೆಯವನು ಹೇಳಿದ್ದು ನಿಜವೇ. ಟಿವಿಯಲ್ಲಿ ನೋಡುವ ಪ್ರೊಫೆಷನಲ್ ರೆಸ್ಲಿಂಗ್‌ನಲ್ಲಿ ಬೀಳುವುದು ನಿಜ, ನೋವು ನಿಜ, ಆದರೆ ಸೋಲು ಗೆಲುವು ಮೊದಲೇ ಬರೆದಿಟ್ಟದ್ದು. ಆದರೂ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಇದೇ ಆಟ ಕಲಿತು ಬೆಳೆದವನನ್ನು, ಏನೂ ಬರೆದಿಡದ ಅಸಲಿ ಅಖಾಡಕ್ಕೆ ಬಿಟ್ಟರೆ ಏನಾಗುತ್ತದೆ? ಇದಕ್ಕೆ ತನ್ನ ಮೈಯನ್ನೇ ಒಡ್ಡಿ ಉತ್ತರ ಕೊಟ್ಟವನು ಜಪಾನಿನ ಕಝುಶಿ ಸಕುರಾಬಾ.

ಈತನ ಹೆಸರು ನನ್ನ ಕಿವಿಗೆ ಬಿದ್ದಿದ್ದು ಯಲಹಂಕದ ನಮ್ಮ ಪಿ.ಜಿ.ಯಲ್ಲಿ. ರೂಮಿನಲ್ಲಿ ನಾವು ಮೂವರು. ಒಬ್ಬ ಇಂಜಿನಿಯರಿಂಗ್ ಮುಗಿಸಿದವನು, ಒಬ್ಬ ಡಿಪ್ಲೊಮಾ ಮಾಡಿ ಪೀಣ್ಯದ ಫ್ಯಾಕ್ಟರಿಗೆ ಶಿಫ್ಟ್ ಹೋಗುವವನು, ಮೂರನೆಯವನು ನಾನು: ಮಧುಗಿರಿ ಕಡೆಯ ಹಳ್ಳಿಯವನು, ಬಿ.ಎ., ಅದೂ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಸಂಜೆ ಸಹಕಾರನಗರದಲ್ಲಿ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ, ಬೆಳಿಗ್ಗೆ ಇಂಟರ್‌ವ್ಯೂ ಇದ್ದರೆ ಬಸ್ ಹತ್ತುತ್ತೇನೆ. ಒಂದು ರಾತ್ರಿ ರೆಸ್ಲಿಂಗ್ ನೋಡುತ್ತಾ ಅದೇ ಹಳೇ 'ಸುಳ್ಳಾ ನಿಜಾನಾ' ಜಗಳ ಎದ್ದಾಗ ಪೀಣ್ಯದವನು, 'ಮಗಾ, ಸಕುರಾಬಾ ಅಂತ ಒಬ್ಬ ಇದಾನೆ, ಮೊದ್ಲು ಅವನ ಫೈಟ್ ನೋಡು, ಆಮೇಲೆ ಮಾತಾಡು' ಅಂತ ಮೊಬೈಲ್ ಕೈಗೆ ಕೊಟ್ಟ.

ಅದೇ ವಾರ ಹೆಬ್ಬಾಳದ ಆಚೆಯ ಒಂದು ಕಚೇರಿಯಲ್ಲಿ ನನ್ನ ಇಂಟರ್‌ವ್ಯೂ ಆಗಿತ್ತು. ಎದುರಿಗೆ ಕೂತಿದ್ದವರು ರೆಸ್ಯೂಮೆ ತಿರುವಿ ಹಾಕಿ, 'ಬಿ.ಎ.ನಾ? ಅದನ್ನ ಓದಿ ಏನ್ ಮಾಡಕ್ಕಾಗುತ್ತೆ ಈಗ?' ಅಂತ ನಕ್ಕಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಐದು ನಿಮಿಷದಲ್ಲಿ ನನಗೆ ಏನು ಬರುತ್ತದೆ ಅಂತ ಒಂದು ಪ್ರಶ್ನೆಯೂ ಬರಲಿಲ್ಲ. ಬೆಲೆ ಇಲ್ಲದ ಡಿಗ್ರಿ ಅಂತ ಚೀಟಿ ಅಂಟಿಸಿಕೊಂಡು ಓಡಾಡುವ ನನ್ನಂಥವನಿಗೆ, ಸುಳ್ಳು ಕುಸ್ತಿ ಅಂತ ಚೀಟಿ ಅಂಟಿಸಿಕೊಂಡವನ ಕಥೆ ರುಚಿಸದೆ ಇರುತ್ತದೆಯೇ?

ಚೀಟಿ ಅಂಟಿದ್ದು ಹೇಗೆ?

ಕಥೆ ಸಕುರಾಬಾ ಹುಟ್ಟುವ ಮೊದಲೇ ಶುರುವಾಗುತ್ತದೆ. ಮಸಾಹಿಕೊ ಕಿಮುರಾ ಜಪಾನ್ ಕಂಡ ಮಹಾ ಜೂಡೊ ಪಟುಗಳಲ್ಲಿ ಒಬ್ಬ. 1951ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಮರಕಾನಾ ಕ್ರೀಡಾಂಗಣದಲ್ಲಿ ಎಲಿಯೊ ಗ್ರೇಸಿ ಎಂಬಾತನ ಎದುರು ನಿಂತ. ಗ್ರೇಸಿ ಮನೆತನದವರು ಜಪಾನಿ ಜೂಡೊ ಗುರುವೊಬ್ಬನಿಂದ ಕಲಿತ ವಿದ್ಯೆಯನ್ನು ತಮ್ಮದೇ ರೀತಿಯಲ್ಲಿ ಬೆಳೆಸಿ ಬ್ರೆಜಿಲಿಯನ್ ಜಿಯು ಜಿಟ್ಸು ಮಾಡಿದವರು. ಕಿಮುರಾ ಎದುರಾಳಿಯ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದ. ಮೂಳೆ ಮುರಿದರೂ ಎಲಿಯೊ ಸೋಲೊಪ್ಪಲಿಲ್ಲ, ಕೊನೆಗೆ ಅಣ್ಣ ಟವೆಲ್ ಎಸೆದು ಪಂದ್ಯ ನಿಲ್ಲಿಸಿದ. ಗ್ರೇಸಿಗಳು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟರು. ಇವತ್ತಿಗೂ ಜಿಯು ಜಿಟ್ಸು ಜಿಮ್‌ಗಳಲ್ಲಿ ಅದು 'ಕಿಮುರಾ ಲಾಕ್'.

ಅಂಥ ಕಿಮುರಾ ಹೊಟ್ಟೆಪಾಡಿಗಾಗಿ ಪ್ರೊಫೆಷನಲ್ ರೆಸ್ಲಿಂಗ್‌ಗೆ ಇಳಿದ. ಹೆಂಡತಿಗೆ ಕ್ಷಯ, ಔಷಧಕ್ಕೆ ದುಡ್ಡು ಬೇಕಾಗಿತ್ತು. ಆಗ ಅಲ್ಲಿ ರಿಕಿಡೋಜಾನ್ ಎಂಬ ಮಾಜಿ ಸುಮೊ ಪಟುವಿನ ಕಾಲ. ಟಿವಿ ಆಗಷ್ಟೇ ಬಂದಿತ್ತು. ಅವನು ಅಮೆರಿಕದವರನ್ನು ಕೆಡವುವುದನ್ನು ನೋಡಲು ಜನ ಬೀದಿಯ ಟಿವಿಗಳ ಮುಂದೆ ಮುಗಿಬೀಳುತ್ತಿದ್ದರು. 1954ರ ಡಿಸೆಂಬರ್‌ನಲ್ಲಿ ಇಬ್ಬರೂ ಎದುರಾದರು. ಪಂದ್ಯ ಡ್ರಾ ಅಂತ ಮೊದಲೇ ಮಾತಾಗಿತ್ತು, ರಿಕಿಡೋಜಾನ್ ಮಾತು ಮುರಿದು ನಿಜವಾಗಿಯೇ ಹೊಡೆದ ಎಂದು ಕಿಮುರಾ ಮುಂದೆ ಹೇಳಿಕೊಂಡ. ಜೂಡೊದ ದೊಡ್ಡ ಹೆಸರು ರಿಂಗಿನಲ್ಲಿ ಪ್ರಜ್ಞೆ ತಪ್ಪಿ ಬಿತ್ತು. ಜಪಾನಿನಲ್ಲಿ ಈ ಆಟದ ಬಗ್ಗೆ 'ಇದು ನಾಟಕವೋ, ನಿಜವೋ' ಎಂಬ ಅನುಮಾನ ಅವತ್ತಿನಿಂದ ಹೋಗಲೇ ಇಲ್ಲ.

ಅಕಿತಾದ ಹುಡುಗ, ನಮ್ಮ ಬಸ್ಕಿ

ಸಕುರಾಬಾ ಹುಟ್ಟಿದ್ದು 1969ರ ಜುಲೈನಲ್ಲಿ, ಜಪಾನಿನ ಉತ್ತರ ಭಾಗದ ಅಕಿತಾ ಪ್ರಾಂತ್ಯದಲ್ಲಿ. ಚಿಕ್ಕವನಿದ್ದಾಗ 'ಟೈಗರ್ ಮಾಸ್ಕ್' ಕಾರ್ಟೂನ್ ಅಂದರೆ ಪ್ರಾಣ. ಹುಲಿಯ ಮುಖವಾಡ ಹಾಕಿಕೊಂಡ ರೆಸ್ಲರ್ ಆಗಬೇಕು ಅನ್ನುವುದು ಕನಸು. ಹೈಸ್ಕೂಲಿನಲ್ಲಿ ಕುಸ್ತಿ ತಂಡ ಸೇರಿದ, ಆಮೇಲೆ ಟೋಕಿಯೊದ ಚುವೊ ವಿಶ್ವವಿದ್ಯಾಲಯದಲ್ಲೂ ಕುಸ್ತಿ ಆಡಿದ. ಇಲ್ಲಿಯವರೆಗೆ ಅವನದು ಒಲಿಂಪಿಕ್ಸ್‌ನಲ್ಲಿ ಇರುವಂಥ ಶುದ್ಧ ಕುಸ್ತಿ. ಅದನ್ನು ಬಿಟ್ಟು ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್ ಎಂಬ ರೆಸ್ಲಿಂಗ್ ಸಂಸ್ಥೆ ಸೇರಿ 1993ರಲ್ಲಿ ರಿಂಗಿಗಿಳಿದ. ಈ ಸಂಸ್ಥೆಯ ಶೈಲಿ ಬೇರೆ. ಹಗ್ಗದ ಮೇಲಿಂದ ಹಾರುವುದೆಲ್ಲ ಇಲ್ಲ. ಒದೆ, ಪಟ್ಟು, ಕೈ ಕಾಲು ತಿರುಚುವುದು ಎಲ್ಲವೂ ಅಸಲಿಯಂತೆ ಕಾಣಬೇಕು. ಆದರೂ ಫಲಿತಾಂಶ ಮಾತ್ರ ಮೊದಲೇ ನಿಗದಿ.

ಅಸಲಿಯಂತೆ ಕಾಣಬೇಕಾದರೆ ಅಸಲಿ ವಿದ್ಯೆ ಬರಬೇಕಲ್ಲ? ಅಲ್ಲೇ ಇರುವುದು ಗುಟ್ಟು. ಇಂಗ್ಲೆಂಡಿನ ವಿಗಾನ್ ಊರಿನ ಹಳೇ ಗರಡಿಯಲ್ಲಿ ಪಳಗಿದ ಬಿಲ್ಲಿ ರಾಬಿನ್ಸನ್ ಎಂಬ ಉಸ್ತಾದ್ ಅಲ್ಲಿ ಹುಡುಗರಿಗೆ ಪಟ್ಟು ಕಲಿಸುತ್ತಿದ್ದ. ಜಿಯು ಜಿಟ್ಸುನವರು ಕಿಮುರಾ ಲಾಕ್ ಅನ್ನುವುದನ್ನು ವಿಗಾನ್‌ನವರು 'ಡಬಲ್ ರಿಸ್ಟ್‌ಲಾಕ್' ಅನ್ನುತ್ತಾರೆ. ಹೆಸರು ಬೇರೆ, ಪಟ್ಟು ಒಂದೇ. ಸಕುರಾಬಾ ಕೈಗೆ ಅದು ಬಂದದ್ದು ಸುಳ್ಳು ಅಂತ ಜನ ಆಡಿಕೊಳ್ಳುತ್ತಿದ್ದ ರೆಸ್ಲಿಂಗ್‌ನ ದಾರಿಯಿಂದಲೇ.

ಇನ್ನೊಂದು ವಿಷಯ ಓದಿ ನನಗೆ ಖುಷಿಯಾಯಿತು. ಜಪಾನಿನ ರೆಸ್ಲಿಂಗ್ ತಾಲೀಮು ಮನೆಗಳಲ್ಲಿ ಹೊಸಬರಿಗೆ ಮೊದಲ ದಿನದಿಂದ ಹೊಡೆಸುವುದು ಬಸ್ಕಿ, ನೂರುಗಟ್ಟಲೆ. ಅಲ್ಲಿ ಅದಕ್ಕೆ 'ಹಿಂದೂ ಸ್ಕ್ವಾಟ್' ಎಂದೇ ಹೆಸರು. ಕಾರ್ಲ್ ಗಾಚ್ ಎಂಬ ಯುರೋಪಿನ ಕುಸ್ತಿಪಟು ಭಾರತೀಯ ಪೈಲ್ವಾನರ ದಂಡ ಬಸ್ಕಿಯನ್ನು ಮೆಚ್ಚಿ ಜಪಾನಿನಲ್ಲಿ ಕಲಿಸಿದ. ಮೈಸೂರಿನ ಗರಡಿಯಲ್ಲಿ, ನಮ್ಮ ಬೆಂಗಳೂರು ಪೇಟೆಯ ಹಳೇ ಗರಡಿಯಲ್ಲಿ ಕೆಮ್ಮಣ್ಣಿನ ಪಕ್ಕ ನಿಂತು ಹೊಡೆಯುವ ಅದೇ ಬಸ್ಕಿ ಟೋಕಿಯೊದ ಹುಡುಗರ ತೊಡೆ ಗಟ್ಟಿ ಮಾಡಿದೆ. ಬಸ್ಕಿಯಲ್ಲಿ ಮಾತ್ರ ಯಾವ ಫಿಕ್ಸಿಂಗೂ ನಡೆಯುವುದಿಲ್ಲ ನೋಡಿ.

ಮನೆಯವರೇ ಸೋತಾಗ

1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆಯಿತು. ಕರಾಟೆ, ಬಾಕ್ಸಿಂಗ್, ಸುಮೊ ಎಲ್ಲದರ ಪಟುಗಳೂ ಒಂದೇ ಪಂಜರದಲ್ಲಿ. ಗೆದ್ದವನು ಎಲಿಯೊನ ಮಗ, ತೆಳ್ಳಗಿನ ರಾಯ್ಸ್ ಗ್ರೇಸಿ. ಇಡೀ ಜಗತ್ತು ಗ್ರೇಸಿ ಮನೆತನದ ಕಡೆ ತಿರುಗಿತು. 1994ರ ಡಿಸೆಂಬರ್‌ನಲ್ಲಿ ಸಕುರಾಬಾನ ಹಿರಿಯ ಜೊತೆಗಾರ ಯೋಜಿ ಅಂಜೊ ಸೀದಾ ಲಾಸ್ ಏಂಜಲೀಸ್‌ಗೆ ಹೋಗಿ ರಿಕ್ಸನ್ ಗ್ರೇಸಿಯ ಜಿಮ್ ಬಾಗಿಲಲ್ಲೇ ಸವಾಲು ಹಾಕಿದ. ರಕ್ತಸಿಕ್ತ ಮುಖ ಹೊತ್ತು ವಾಪಸಾದ. 1997ರ ಅಕ್ಟೋಬರ್‌ನಲ್ಲಿ 'ಪ್ರೈಡ್' ಎಂಬ ಹೊಸ ಪಂದ್ಯಾವಳಿಯ ಮೊದಲ ಕಾರ್ಯಕ್ರಮ ಟೋಕಿಯೊ ಡೋಮ್‌ನಲ್ಲಿ ನಡೆದಾಗ ಸಂಸ್ಥೆಯ ದೊಡ್ಡ ಸ್ಟಾರ್ ನೊಬುಹಿಕೊ ತಕಾಡಾ ಅದೇ ರಿಕ್ಸನ್ ಎದುರು ಐದು ನಿಮಿಷವೂ ನಿಲ್ಲಲಿಲ್ಲ. ಕಂಪನಿ ಆಗಲೇ ಮುಚ್ಚಿತ್ತು. 'ಹೇಳಿರಲಿಲ್ವಾ, ಎಲ್ಲ ನಾಟಕ ಅಂತ' ಎನ್ನುವವರಿಗೆ ಹಬ್ಬ.

ಎರಡೇ ತಿಂಗಳಲ್ಲಿ, 1997ರ ಡಿಸೆಂಬರ್ 21ರಂದು ಯೊಕೊಹಾಮಾದಲ್ಲಿ ಯುಎಫ್‌ಸಿ ನಡೆಯಿತು. ಆಡಬೇಕಿದ್ದ ಜೊತೆಗಾರನಿಗೆ ಗಾಯವಾಗಿ ಸಕುರಾಬಾ ಬದಲಿ ಆಟಗಾರನಾಗಿ ಹೋದ. ವಿಭಾಗ ಹೆವಿವೇಟ್, ಈತನೋ ಅದಕ್ಕೆ ಸಣ್ಣ ಮೈಯವನು. ಎದುರಾಳಿ ಬ್ರೆಜಿಲ್‌ನ ದೈತ್ಯ ಮಾರ್ಕಸ್ ಸಿಲ್ವೇರಾ, ಜಿಯು ಜಿಟ್ಸು ಬ್ಲ್ಯಾಕ್ ಬೆಲ್ಟ್. ಹೊಡೆತದ ಮಧ್ಯೆ ಸಕುರಾಬಾ ಕಾಲು ಹಿಡಿಯಲು ಬಗ್ಗಿದ್ದನ್ನು ರೆಫರಿ 'ಬಿದ್ದ' ಅಂದುಕೊಂಡು ಪಂದ್ಯ ನಿಲ್ಲಿಸಿಬಿಟ್ಟ. ಸಕುರಾಬಾ ಪಂಜರ ಬಿಟ್ಟು ಇಳಿಯದೆ ಪ್ರತಿಭಟಿಸಿದ. ವಿಡಿಯೊ ನೋಡಿ ಫಲಿತಾಂಶ ರದ್ದಾಯಿತು. ಫೈನಲ್‌ಗೆ ಹೋಗಬೇಕಿದ್ದ ಇನ್ನೊಬ್ಬ ಕೈಗೆ ಪೆಟ್ಟಾಗಿ ಹಿಂದೆ ಸರಿದಿದ್ದರಿಂದ ಅದೇ ರಾತ್ರಿ ಇವರಿಬ್ಬರೇ ಮತ್ತೆ ಎದುರಾದರು. ನಾಲ್ಕು ನಿಮಿಷದೊಳಗೆ ಸಕುರಾಬಾ ಎದುರಾಳಿಯ ತೋಳಿಗೆ ಲಾಕ್ ಹಾಕಿ ಗೆದ್ದ. ಮೈಕ್ ಕೈಗೆ ಬಂದಾಗ ಹೇಳಿದ್ದು, ಪ್ರೊಫೆಷನಲ್ ರೆಸ್ಲರ್‌ಗಳು ನಿಜವಾಗಿಯೂ ಬಲಶಾಲಿಗಳು ಎಂಬ ಅರ್ಥದ ಒಂದೇ ಮಾತು.

ನನಗೆ ಹಿಡಿಸಿದ್ದು ಇದು. ರೆಫರಿಯ ತೀರ್ಪಿಗೆ ಮುನಿಸಿಕೊಂಡು ಮನೆಗೆ ಹೋಗಲಿಲ್ಲ, ಜನ ಅನ್ನುವ ಮಾತಿಗೆ ವಾದಕ್ಕೂ ಕೂರಲಿಲ್ಲ. ಅಲ್ಲೇ ನಿಂತು ಇನ್ನೊಂದು ಅವಕಾಶ ಕೇಳಿದ, ಸಿಕ್ಕಿದಾಗ ಗೆದ್ದ.

ತೊಂಬತ್ತು ನಿಮಿಷ

1999ರ ನವೆಂಬರ್‌ನಲ್ಲಿ ಪ್ರೈಡ್ ಅಖಾಡದಲ್ಲಿ ರಾಯ್ಲರ್ ಗ್ರೇಸಿ ಎದುರಾದ. ಸಕುರಾಬಾ ಹಾಕಿದ್ದು ಅದೇ ಕಿಮುರಾ ಲಾಕ್. ರಾಯ್ಲರ್ ಸೋಲೊಪ್ಪದಿದ್ದರೂ ರೆಫರಿ ಪಂದ್ಯ ನಿಲ್ಲಿಸಿದ. ಗ್ರೇಸಿಗಳಿಗೆ ಇದು ಸಹಿಸಲಾಗಲಿಲ್ಲ. ರಾಯ್ಸ್‌ನ ಪಂದ್ಯಕ್ಕೆ ಅವರು ವಿಶೇಷ ನಿಯಮ ಕೇಳಿದರು: 15 ನಿಮಿಷದ ಸುತ್ತುಗಳು, ಎಷ್ಟು ಸುತ್ತು ಬೇಕಾದರೂ ಆಗಲಿ, ರೆಫರಿ ನಿಲ್ಲಿಸುವಂತಿಲ್ಲ. ಒಬ್ಬ ಸೋಲೊಪ್ಪಬೇಕು, ಇಲ್ಲವೇ ಅವನ ಕಡೆಯವರು ಟವೆಲ್ ಎಸೆಯಬೇಕು. ಸಕುರಾಬಾ ಒಪ್ಪಿಕೊಂಡ.

2000ನೇ ಇಸವಿಯ ಮೇ 1, ಟೋಕಿಯೊ ಡೋಮ್. ಸಕುರಾಬಾ ಒಂದೇ ಥರದ ಮುಖವಾಡ ತೊಟ್ಟ ಇಬ್ಬರ ಜೊತೆ ತಾನೂ ಮುಖವಾಡ ಹಾಕಿಕೊಂಡು ಬಂದ. ಮೂವರಲ್ಲಿ ಅಸಲಿ ಯಾರು ಅಂತ ಎದುರಾಳಿಗೆ ಗೊತ್ತಾಗಬಾರದು! ಗ್ರೇಸಿಗಳು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ರೈಲಿನಂತೆ ಗಂಭೀರವಾಗಿ ಬರುತ್ತಿದ್ದರೆ, ಈತ ನಗಿಸುತ್ತಾ ಬಂದ. 86 ವರ್ಷದ ಎಲಿಯೊ ಮಗನ ಮೂಲೆಯಲ್ಲಿ ಕೂತಿದ್ದ. ಕಿಮುರಾ ತೋಳು ಮುರಿದು ಆಗಲೇ 48 ವರ್ಷ ದಾಟಿತ್ತು.

ರಾಯ್ಸ್ ತೊಟ್ಟಿದ್ದು ಜಿಯು ಜಿಟ್ಸು ಡ್ರೆಸ್. ಅದರ ಕಾಲರ್, ತೋಳು ಎದುರಾಳಿಯನ್ನು ಹಿಡಿಯಲು ಅವನಿಗೆ ಆಯುಧ. ಸಕುರಾಬಾ ಆ ಬಟ್ಟೆಯನ್ನೇ ಅವನ ಮೇಲೆ ತಿರುಗಿಸಿದ. ಜಾಕೆಟ್ ಎಳೆದು ಮುಖ ಮುಚ್ಚಿದ, ಪ್ಯಾಂಟ್ ಹಿಡಿದೆಳೆದು ಜನರನ್ನು ನಗಿಸಿದ. ನಗಿಸುತ್ತಲೇ ತೊಡೆಗೆ ಒಂದೇ ಸಮನೆ ಒದ್ದ. ಆರು ಸುತ್ತು, 90 ನಿಮಿಷ. ಒಂದು ಫುಟ್‌ಬಾಲ್ ಪಂದ್ಯದಷ್ಟು ಹೊತ್ತು! ಏಳನೇ ಸುತ್ತಿಗೆ ರಾಯ್ಸ್ ಏಳಲಾಗಲಿಲ್ಲ, ಅವನ ಕಡೆಯವರು ಟವೆಲ್ ಎಸೆದರು. ಅದು ಟೂರ್ನಿಯಾದ್ದರಿಂದ ಸಕುರಾಬಾ ಅದೇ ರಾತ್ರಿ ತನಗಿಂತ ತುಂಬಾ ತೂಕದ ಇಗೊರ್ ವೊವ್ಚಾಂಚಿನ್ ಜೊತೆ ಇನ್ನೂ 15 ನಿಮಿಷ ಸೆಣಸಿದ. ಅಲ್ಲಿ ಟವೆಲ್ ಬಿದ್ದದ್ದು ಇವನ ಕಡೆಯಿಂದ. ಅದೇ ವರ್ಷ ಆಗಸ್ಟ್‌ನಲ್ಲಿ ರೆಂಜೊ ಗ್ರೇಸಿಯನ್ನು ಮತ್ತೆ ಕಿಮುರಾ ಲಾಕ್‌ನಲ್ಲಿ, ಡಿಸೆಂಬರ್‌ನಲ್ಲಿ ರಯಾನ್ ಗ್ರೇಸಿಯನ್ನು ತೀರ್ಪಿನ ಮೇಲೆ ಸೋಲಿಸಿದ. ಒಂದು ವರ್ಷದ ಆಸುಪಾಸಿನಲ್ಲಿ ಒಂದೇ ಮನೆಯ ನಾಲ್ವರು. 'ಗ್ರೇಸಿ ಹಂಟರ್' ಎಂಬ ಹೆಸರು ಬಂದದ್ದು ಹಾಗೆ.

ಗೆಲ್ಲಿಸಿದ್ದು ಏನು ಅಂತ ಯೋಚಿಸಿದರೆ ಎಲ್ಲವೂ ಆ 'ಸುಳ್ಳು' ಆಟದಿಂದಲೇ ಬಂದದ್ದು. 90 ನಿಮಿಷ ನಿಲ್ಲುವ ದಮ್ಮು ತಾಲೀಮು ಮನೆಯದು, ಪಟ್ಟು ಬಿಲ್ಲಿ ರಾಬಿನ್ಸನ್‌ನದು, ಮುಖವಾಡ, ತಮಾಷೆ, ಎರಡೂ ಕೈ ಎತ್ತಿ ಮೇಲಿಂದ ಬಡಿಯುವ ಮಂಗೋಲಿಯನ್ ಚಾಪ್, ಎಲ್ಲ ರೆಸ್ಲಿಂಗ್ ರಿಂಗಿನವು. ಜನರನ್ನು ರಂಜಿಸಲು ಕಲಿತ ವಿದ್ಯೆ ಎದುರಾಳಿಯ ತಲೆ ಕೆಡಿಸಲೂ ಬಂತು. ಹಳೆಯದನ್ನು ಬಚ್ಚಿಟ್ಟು ಬೇರೆಯವನ ವೇಷ ಹಾಕಿದ್ದರೆ ಅವನೂ ಐದು ನಿಮಿಷದಲ್ಲಿ ಸೋಲುತ್ತಿದ್ದನೇನೋ.

ಬಿಲ್ ಕಟ್ಟಿದ್ದು ಮೈ

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತದೆ, ಆದರೆ ಅದು ಅರ್ಧ ಸತ್ಯ. 2001ರಲ್ಲಿ ವಾಂಡರ್‌ಲೀ ಸಿಲ್ವಾ ಎಂಬ ಬ್ರೆಜಿಲಿಯನ್ ಈತನನ್ನು ಎರಡು ಸಲ ಸೋಲಿಸಿದ, 2003ರಲ್ಲಿ ಮೂರನೇ ಸಲ. 2002ರಲ್ಲಿ ಮಿರ್ಕೊ ಕ್ರೋ ಕಾಪ್ ಎದುರು ಕಣ್ಣಿನ ಸುತ್ತಲ ಮೂಳೆಗೆ ಪೆಟ್ಟಾಯಿತು. ತೂಕದಲ್ಲಿ ತನಗಿಂತ ದೊಡ್ಡವರ ಎದುರು ಮತ್ತೆ ಮತ್ತೆ ಇಳಿದ, ಜನ ಕೇಳಿದ್ದರು, ಸಂಘಟಕರಿಗೂ ಟಿಕೆಟ್ ಬೇಕಿತ್ತು. 2010ರ ಕೊನೆಯ ದಿನದ ಪಂದ್ಯದಲ್ಲಿ ಕಿವಿ ಹರಿದು ಜೋತುಬಿತ್ತು. ಆ ವಿಡಿಯೊ ನಾನು ಪೂರ್ತಿ ನೋಡಲಿಲ್ಲ.

ನಮ್ಮ ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ನೆನಪಾಯಿತು. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ತೊಟ್ಟು ಅರಮನೆಯ ಅಂಗಳದಲ್ಲಿ ಎದುರಾಗುತ್ತಾರೆ. ತಿಂಗಳುಗಟ್ಟಲೆ ತಾಲೀಮು ಮಾಡಿದ್ದರೂ ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು. ಹಿರಿಯರು ಆಟದೊಳಗೇ ಒಂದು ಗೆರೆ ಎಳೆದಿಟ್ಟಿದ್ದಾರೆ. ಸಕುರಾಬಾನ ಆಟದಲ್ಲಿ ಆ ಗೆರೆ ಎಳೆಯುವವರು ಬಹಳ ದಿನ ಯಾರೂ ಇರಲಿಲ್ಲ. ಕೆಲಸದ ವಿಷಯದಲ್ಲೂ ಹೀಗೇ ಅಲ್ಲವೇ? 'ನಾನೂ ಮಾಡಬಲ್ಲೆ' ಅಂತ ತೋರಿಸುವ ಹಟದಲ್ಲಿ ಸಂಬಳವಿಲ್ಲದ ಟ್ರೈನಿಂಗು, ರಾತ್ರಿ ಪಾಳಿ, ನಿದ್ದೆಯಿಲ್ಲದ ತಿಂಗಳುಗಳನ್ನು ಒಪ್ಪಿಕೊಂಡವರು ನಮ್ಮ ಪಿ.ಜಿ.ಯಲ್ಲೇ ಇದ್ದಾರೆ. ಸಾಬೀತು ಮಾಡುವುದು ಎಲ್ಲಿಯವರೆಗೆ ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಆಮೇಲೆ ಆತ ಮಾಡಿದ ಎರಡು ಕೆಲಸ ನನಗೆ ಇಷ್ಟ. 2012ರಲ್ಲಿ ಮತ್ತೆ ರೆಸ್ಲಿಂಗ್ ರಿಂಗಿಗೆ ಬಂದ. 2013ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ಶಿನ್ಸುಕೆ ನಕಾಮುರಾ ಎದುರು ಆಡಿ ಸೋತ. ಹೌದು, ಆಮೇಲೆ ಡಬ್ಲ್ಯುಡಬ್ಲ್ಯುಇ ಸೇರಿ ನಮ್ಮ ಮೊಬೈಲ್‌ಗಳಿಗೂ ಬಂದ ಅದೇ ನಕಾಮುರಾ. ಯುಎಫ್‌ಸಿಯ ಹಾಲ್ ಆಫ್ ಫೇಮ್‌ಗೆ ಹೆಸರು ಸೇರಿದ್ದು 2017ರಲ್ಲಿ. ಅಸಲಿ ಹೊಡೆದಾಟದಲ್ಲಿ ಇಷ್ಟು ಹೆಸರು ಮಾಡಿದವನಿಗೆ ಬರೆದಿಟ್ಟ ಆಟಕ್ಕೆ ಮರಳಲು ನಾಚಿಕೆ ಅನ್ನಿಸಲಿಲ್ಲ. ಎರಡನೆಯದು, 2018ರಲ್ಲಿ 'ಕ್ವಿಂಟೆಟ್' ಎಂಬ ಪಂದ್ಯಾವಳಿ ಶುರು ಮಾಡಿದ. ಐದೈದು ಜನರ ತಂಡ, ಬರೀ ಪಟ್ಟುಗಳು, ಗುದ್ದು ಒದೆ ಇಲ್ಲ. ಜೂಡೊ, ಕುಸ್ತಿ, ಜಿಯು ಜಿಟ್ಸು ಎಲ್ಲರೂ ಬರಬಹುದು. ತಾನು ತಿಂದ ಏಟು ಬೇರೆಯವರು ತಿನ್ನದೆ ವಿದ್ಯೆ ತೋರಿಸಲು ಒಂದು ಜಾಗ.

ಇದರಿಂದ ನನಗೇನು ಸಿಕ್ಕಿತು? ಕೆಲಸವಂತೂ ಇನ್ನೂ ಸಿಕ್ಕಿಲ್ಲ. ಆದರೆ ರೆಸ್ಯೂಮೆ ಬದಲಾಗಿದೆ. ಮುಂಚೆ ಕೊನೆಯ ಸಾಲಿನಲ್ಲಿ 'ಹವ್ಯಾಸ: ಕರಾಟೆ' ಅಂತ ಇತ್ತು. ಈಗ ಮೊದಲ ಪುಟದಲ್ಲೇ ಇದೆ: ಎರಡು ವರ್ಷದಿಂದ ವಾರಕ್ಕೆ ನಾಲ್ಕು ದಿನ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ತರಬೇತಿ, ಪೋಷಕರ ಜೊತೆ ಮಾತುಕತೆ, ಫೀಸ್ ಲೆಕ್ಕ, ಬೆಲ್ಟ್ ಪರೀಕ್ಷೆಯ ಏರ್ಪಾಡು. ಐಚ್ಛಿಕ ಕನ್ನಡ ಓದಿದ್ದೇನೆ ಅನ್ನುವ ಬದಲು, ಎರಡು ಪುಟದ ವರದಿಯನ್ನು ಸರಿಯಾದ ಕನ್ನಡದಲ್ಲಿ ಬರೆಯಬಲ್ಲೆ, ಇಂಗ್ಲಿಷ್ ಪತ್ರವನ್ನು ಕನ್ನಡಕ್ಕೆ ತರಬಲ್ಲೆ ಅಂತ ಬರೆದು ಜೊತೆಗೆ ಒಂದು ಮಾದರಿ ಲಗತ್ತಿಸುತ್ತೇನೆ. ಯಶವಂತಪುರದಲ್ಲಿ ಟ್ಯಾಲಿ ಕ್ಲಾಸಿಗೂ ಸೇರಿದ್ದೇನೆ, ಎದುರಿನವರ ಅಖಾಡದ ನಿಯಮವೂ ಗೊತ್ತಿರಬೇಕಲ್ಲ. ಹೋದ ತಿಂಗಳು ಆರ್.ಟಿ. ನಗರದ ಒಂದು ಚಿಕ್ಕ ಸಂಸ್ಥೆಯಲ್ಲಿ ಮೊದಲ ಸಲ 'ಮಕ್ಕಳು ಮಾತು ಕೇಳದಿದ್ದರೆ ಹೇಗೆ ನಿಭಾಯಿಸ್ತೀರಿ?' ಅಂತ ಕೇಳಿದರು. ಹತ್ತು ನಿಮಿಷ ಮಾತಾಡಿದೆ. ಫಲಿತಾಂಶ ಬಂದಿಲ್ಲ.

ಗೆಳೆಯರೇ, ನಿಮ್ಮ ಕಾಲೇಜಿನ ಹೆಸರಿಗೋ, ಕೋರ್ಸಿಗೋ, ಊರಿಗೋ ಮೂಗು ಮುರಿಯುವವರು ಸಿಕ್ಕೇ ಸಿಗುತ್ತಾರೆ. ಅವರ ಜೊತೆ ಜಗಳ ಬೇಡ. ನೀವು ನಿಜವಾಗಿಯೂ ಬಸ್ಕಿ ಹೊಡೆದಿರುವುದು ಯಾವುದರಲ್ಲಿ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೊಡೆದಿಲ್ಲ ಅನ್ನಿಸಿದರೆ ನಾಳೆಯಿಂದಲೇ ಶುರು ಮಾಡಿ. ಹೊಡೆದಿದ್ದರೆ, ಅದನ್ನು ತೋರಿಸಲು ಒಂದು ಸುತ್ತು ಕೊಡಿ ಅಂತ ಬಾಯಿಬಿಟ್ಟು ಕೇಳಿ.